ಮಕ್ಕಳೊಡನೆ ತೋಟ ಸುತ್ತುವುದು

ಬೆಂಗಳೂರಿನ ಲಾಲ್‌ಬಾಗಿಗೆ ಬೆಳಗಿನ ಹೊತ್ತು ಬರುವ ದೊಡ್ಡವರಲ್ಲಿ ಮೂರು ಬಗೆ. ಮೊದಲನೆಯವರು ವೈದ್ಯರ ಮಾತಿಗೆ ಹೆದರಿ ಬಂದವರು. ಇವರು ಗಡಿಯಾರವನ್ನು ನೋಡುತ್ತಾರೆ, ಹೆಜ್ಜೆಯನ್ನು ಎಣಿಸುತ್ತಾರೆ. ಮರವನ್ನು ಮಾತ್ರ ನೋಡುವುದಿಲ್ಲ. ನಡುವೆ ಒಂದು ಮರ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತಾರೆ, ಅಷ್ಟೆ. ಎರಡನೆಯವರು ಕಲ್ಲುಬೆಂಚಿನ ಮೇಲೆ ಗುಂಪಾಗಿ ಕುಳಿತು ದೇಶದ ಆಡಳಿತವನ್ನು ನಡೆಸುವವರು. ಇವರಿಗೂ ಮರದ ಉಪಯೋಗವಿದೆ: ನೆರಳು. ಮೂರನೆಯವರು ಮಕ್ಕಳನ್ನು ಕರೆದುಕೊಂಡು ಬಂದವರು. ನಾನು ಹೇಳಹೊರಟಿರುವುದು ಈ ಮೂರನೆಯವರ ವಿಷಯ. ಏಕೆಂದರೆ ಕೆಲವು ವರ್ಷಗಳಿಂದ ನಾನೂ ಆ ಪಂಗಡಕ್ಕೆ ಸೇರಿದವನು.

ಮಕ್ಕಳನ್ನು ಕರೆತಂದವರಲ್ಲಿಯೂ ಎರಡು ಪಂಥಗಳುಂಟು. ಒಂದು ಬೋಧಕ ಪಂಥ. ಮಗು ಗೇಟು ದಾಟಿತೋ ಇಲ್ಲವೋ, ಇವರ ಪಾಠ ಆರಂಭವಾಗುತ್ತದೆ. “ನೋಡು, ಈ ತೋಟವನ್ನು 1760ರಲ್ಲಿ ಹೈದರಾಲಿ ಮಾಡಿಸಿದ. ಎಷ್ಟರಲ್ಲಿ?” “1760ರಲ್ಲಿ.” “ಯಾರು?” ಮಗುವಿನ ಕಣ್ಣು ಅಷ್ಟು ಹೊತ್ತಿಗೆ ಅಳಿಲಿನ ಹಿಂದೆ ಹೋಗಿರುತ್ತದೆ. ಹೈದರಾಲಿ ಅಳಿಲಿನ ಬೆನ್ನ ಮೇಲೆ ಕುಳಿತು ಮರ ಹತ್ತಿಹೋಗುತ್ತಾನೆ. ಇನ್ನೊಂದು ವಿರಕ್ತ ಪಂಥ. ಇವರು ಮಗುವಿನ ಕೈಗೆ ಚುರುಮುರಿಯ ಪೊಟ್ಟಣವನ್ನೋ ಮೊಬೈಲನ್ನೋ ಕೊಟ್ಟು, ತಾವೊಂದು ಮೊಬೈಲು ಹಿಡಿದು ಹುಲ್ಲಿನ ಮೇಲೆ ಕುಳಿತುಬಿಡುತ್ತಾರೆ. ಇನ್ನೂರ ನಲವತ್ತು ಎಕರೆಯ ತೋಟ ಸುತ್ತಲೂ ಹರಡಿಕೊಂಡು, ತನ್ನನ್ನು ಯಾರಾದರೂ ಮಾತನಾಡಿಸಿಯಾರೆ ಎಂದು ಕಾಯುತ್ತಿರುತ್ತದೆ.

ಈ ಎರಡು ಪಂಥಗಳ ನಡುವೆ ಒಂದು ಕಾಲುದಾರಿ ಇದೆ. ಅದನ್ನು ನನಗೆ ತೋರಿಸಿದವರು ಮಕ್ಕಳೇ. ಭಾನುವಾರ ಬೆಳಗ್ಗೆ ನನ್ನ ಜೊತೆ ಬರುವವರು ನಾಲ್ವರು: ಎಂಟು ವರ್ಷದ ಮೊಮ್ಮಗಳು, ಅವಳ ಇಬ್ಬರು ಗೆಳತಿಯರು, ಎದುರುಮನೆಯ ಆರು ವರ್ಷದ ಹುಡುಗ. ನಾವು ಸೇರಿ ಮೂರು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಒಂದು, ಕೆಳಗೆ ಬಿದ್ದದ್ದು ನಮ್ಮದು, ಮರದಲ್ಲಿರುವುದು ಮರದ್ದು. ಎರಡು, ಯಾವುದೇ ವಸ್ತು ಕಣ್ಣಿಗೆ ಬಿದ್ದರೂ ಅದರ ಹೆಸರನ್ನು ಕೇಳುವ ಮೊದಲು ಅದು ಯಾವುದರ ಹಾಗಿದೆ ಎಂದು ಹೇಳಬೇಕು. ಮೂರು, ಕತೆ ಎಷ್ಟು ಬೇಕಾದರೂ ಕಟ್ಟಬಹುದು, ಆದರೆ ಯಾರಾದರೂ “ನಿಜವಾಗಿಯೂ?” ಎಂದು ಕೇಳಿದೊಡನೆ ನಿಜವನ್ನೇ ಹೇಳಬೇಕು. ಮೂರನೆಯದನ್ನು ಸೇರಿಸಿದವಳು ಮೊಮ್ಮಗಳು. ನನ್ನ ಮೇಲೆ ಅವಳಿಗೆ ಇದ್ದ ವಿಶ್ವಾಸ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಕಟ್ಟಳೆಯ ಬೆಲೆ ನನಗೆ ತಿಳಿದದ್ದು ನಾಗಲಿಂಗದ ಮರದ ಕೆಳಗೆ. ದಪ್ಪ ಕಾಂಡದಿಂದಲೇ ಜಡೆಜಡೆಯಾಗಿ ಇಳಿಬಿದ್ದ ರೆಂಬೆಗಳು, ಅವುಗಳ ತುಂಬ ಕೆಂಪುಗುಲಾಬಿ ಬಣ್ಣದ ಹೂವು, ಜೊತೆಯಲ್ಲೇ ತಲೆಯಷ್ಟು ದೊಡ್ಡ ಕಂದು ಕಾಯಿ. ಬಿದ್ದ ಹೂವೊಂದನ್ನು ಎತ್ತಿಕೊಂಡು ಒಬ್ಬಳು “ಬಾಯಿ ಬಿಟ್ಟ ಮೀನು” ಎಂದಳು. ಇನ್ನೊಬ್ಬಳು “ತೊಟ್ಟಿಲು” ಎಂದಳು. ಹುಡುಗ ಹೂವನ್ನು ಬಿಟ್ಟು ಕಾಯಿಯನ್ನು ನೋಡಿ “ಬಾಂಬು!” ಎಂದು ಕೂಗಿದ. ಆಮೇಲೆ ನಾನು ಹೇಳಿದೆ: ನಮ್ಮ ಹಿರಿಯರು ಇದೇ ಹೂವಿನೊಳಗೆ ಬಗ್ಗಿ ನೋಡಿ, ನಡುವೆ ಲಿಂಗವನ್ನೂ ಅದರ ಮೇಲೆ ಹೆಡೆಯೆತ್ತಿದ ನಾಗನನ್ನೂ ಕಂಡರು, ನಾಗಲಿಂಗ ಪುಷ್ಪವೆಂದರು. ಇಂಗ್ಲಿಷಿನವರು ಕಾಯಿಯನ್ನು ನೋಡಿ ಫಿರಂಗಿಯ ಗುಂಡೆಂದರು. ಅವರ ಭಾಷೆಯಲ್ಲಿ ಅದರ ಹೆಸರೇ ಅದು. ಮರವೋ ದಕ್ಷಿಣ ಅಮೆರಿಕದ್ದು. ಅದಕ್ಕೆ ಶಿವನೂ ಗೊತ್ತಿಲ್ಲ, ಫಿರಂಗಿಯೂ ಗೊತ್ತಿಲ್ಲ. “ಹಾಗಾದರೆ ಇಂಗ್ಲಿಷಿನವರು ನನ್ನ ಹಾಗೆ” ಎಂದ ಹುಡುಗ. ನಾನು ಒಪ್ಪಿಕೊಂಡೆ. ಒಂದೇ ಮರದ ಕೆಳಗೆ ಒಬ್ಬನಿಗೆ ದೇವಾಲಯ ಕಂಡಿತು, ಒಬ್ಬನಿಗೆ ಯುದ್ಧ ಕಂಡಿತು. ದೊಡ್ಡವರ ಹೆಸರುಗಳೆಲ್ಲ ಹೀಗೆ ಯಾರೋ ಒಬ್ಬ ಮಗುವಿನಂತೆ ನೋಡಿ ಇಟ್ಟವು ಎಂಬುದು ಆ ದಿನ ನಮ್ಮೈವರಿಗೂ ಗೊತ್ತಾಯಿತು.

ಆಮೇಲೆ ಹುಡುಕಿದಲ್ಲೆಲ್ಲ ಇದೇ. ಕಪ್ಪು ಬಿಳುಪಿನ ಶುಭ್ರವಾದ ಹಕ್ಕಿಯನ್ನು ಕಂಡು, ಒಗೆದು ಮಡಿಸಿಟ್ಟ ಬಟ್ಟೆಯನ್ನು ನೆನೆದವನು ಅದನ್ನು ಮಡಿವಾಳವೆಂದ. ಗುಲ್‌ಮೊಹರಿನ ಉದ್ದನೆಯ ಕಾಯಿಯನ್ನು ಹಿಡಿದು ಕಾಳಗವಾಡಿದ ಹುಡುಗರು ಆ ಮರವನ್ನು ಕತ್ತಿಕಾಯಿ ಮರವೆಂದರು. ಆಫ್ರಿಕದಿಂದ ಬಂದು ನಮ್ಮ ಬೀದಿಗಳಲ್ಲಿ ಬೆಂಕಿಯಂಥ ಹೂ ಬಿಡುವ ಮರವೊಂದಿದೆ. ಅದರ ಮೊಗ್ಗಿನಲ್ಲಿ ನೀರು ತುಂಬಿಕೊಂಡಿರುತ್ತದೆ. ತುದಿ ಚಿವುಟಿ ಹಿಸುಕಿದರೆ ಪಿಚಕಾರಿಯಂತೆ ಚಿಮ್ಮುತ್ತದೆ. ಗೌರವಸ್ಥರು ಅದನ್ನು ನೀರುಕಾಯಿ ಮರವೆನ್ನುತ್ತಾರೆ. ಬೆಂಗಳೂರಿನ ಹುಡುಗರು ತಲೆಮಾರುಗಳಿಂದ ಇಟ್ಟುಕೊಂಡು ಬಂದಿರುವ ಹೆಸರು ಬೇರೆ. ಅದನ್ನು ಇಲ್ಲಿ ಬರೆದರೆ ಸಂಪಾದಕರು ಒಪ್ಪಲಾರರು. ಬಾಲ್ಯವನ್ನು ಈ ಊರಿನಲ್ಲಿ ಕಳೆದ ವಾಚಕರಿಗೆ ಬರೆಯುವ ಅಗತ್ಯವೂ ಇಲ್ಲ.

ಇತ್ತೀಚೆಗೆ ಮೊಬೈಲಿನಲ್ಲಿ ಒಂದು ಅನುಕೂಲ ಬಂದಿದೆ. ಎಲೆಯ ಎದುರಿಗೆ ಹಿಡಿದರೆ ಸಾಕು, ಗಿಡದ ಶಾಸ್ತ್ರೀಯ ನಾಮಧೇಯವನ್ನು ಹೇಳಿಬಿಡುತ್ತದೆ. ಮೊಮ್ಮಗಳ ಗೆಳತಿಯೊಬ್ಬಳು ಒಂದು ಭಾನುವಾರ ತಾಯಿಯ ಮೊಬೈಲು ತಂದು, ಅರ್ಧ ಗಂಟೆಯಲ್ಲಿ ನಲವತ್ತು ಮರಗಳ ಹೆಸರು ಸಂಪಾದಿಸಿದಳು. ಐದು ನಿಮಿಷದ ಮೇಲೆ ಕೇಳಿದರೆ ಒಂದೂ ನೆನಪಿಲ್ಲ. ಅದರಲ್ಲಿ ಅವಳ ತಪ್ಪೇನು? ರೈಲು ನಿಲ್ದಾಣದಲ್ಲಿ ಸಾವಿರ ಜನರ ಹೆಸರನ್ನು ಯಾರಾದರೂ ಕೂಗಿ ಹೇಳಿದರೆ ನಮಗೆ ಮಾತ್ರ ನೆನಪಿರುತ್ತದೆಯೆ? ಆದರೆ ಆ ಯಂತ್ರವನ್ನು ನಾನು ಹಳಿಯುವುದಿಲ್ಲ. ಅದರಿಂದಲೇ ನಮಗೊಂದು ಲಾಭವಾಯಿತು. ಗುಲ್‌ಮೊಹರಿಗೆ ಅದು ಕೊಟ್ಟ ಹೆಸರು ‘ಡೆಲೋನಿಕ್ಸ್ ರೀಜಿಯ’. ಮಕ್ಕಳು ಆ ಮೊದಲೇ ಅದರ ಬಿದ್ದ ಹೂವನ್ನು ಅಂಗೈಯಲ್ಲಿಟ್ಟು ನೋಡಿ, ಐದು ದಳಗಳಲ್ಲಿ ನಾಲ್ಕು ಒಂದೇ ತೆರನಾಗಿ ಕೆಂಪಾಗಿರುವುದನ್ನೂ, ಐದನೆಯದೊಂದು ಮಾತ್ರ ನೆಟ್ಟಗೆ ನಿಂತು ಬಿಳಿಹಳದಿಯ ಚುಕ್ಕೆ ತಳೆದಿರುವುದನ್ನೂ ಗುರುತಿಸಿದ್ದರು. “ಇದು ರಾಜ, ಇವು ನಾಲ್ಕು ಸಿಪಾಯಿಗಳು” ಎಂದು ತೀರ್ಮಾನವಾಗಿತ್ತು. ಮನೆಗೆ ಬಂದು ನಾನು ಆ ಹೆಸರಿನ ಅರ್ಥ ಹುಡುಕಿದೆ. ಗ್ರೀಕಿನಲ್ಲಿ ‘ಎದ್ದು ಕಾಣುವ ಉಗುರು’ ಎಂದು ಡೆಲೋನಿಕ್ಸಿನ ಅರ್ಥ. ದಳದ ಬುಡ ಸಣ್ಣಗೆ ನೀಳವಾಗಿ ಉಗುರಿನಂತಿರುವುದನ್ನು ಕಂಡು ಇಟ್ಟದ್ದು. ರೀಜಿಯ ಎಂದರೆ ರಾಜಯೋಗ್ಯ! ಸಸ್ಯಶಾಸ್ತ್ರಜ್ಞನೂ ನಮ್ಮ ಎರಡನೆಯ ಕಟ್ಟಳೆಯನ್ನೇ ಪಾಲಿಸಿದ್ದ. ಮುಂದಿನ ಭಾನುವಾರ ಈ ವಿಷಯ ತಿಳಿಸಿದಾಗ ಮಕ್ಕಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರ ಪ್ರಕಾರ, ನೋಡಿದವರಿಗೆ ಯಾರಿಗಾದರೂ ಅದು ಕಾಣಲೇಬೇಕು. ಆದರೆ ಆ ಉದ್ದನೆಯ ಹೆಸರು ಮಾತ್ರ ಅವರಿಗೆ ಈಗ ಬಾಯಿಪಾಠವಾಗಿದೆ.

ಕಲ್ಪನೆಗೆ ಸಲಿಗೆ ಕೊಟ್ಟರೆ ಮಕ್ಕಳಿಗೆ ಸತ್ಯ ರುಚಿಸದೆ ಹೋದೀತು ಎಂದು ಅಂಜುವ ಹಿರಿಯರಿದ್ದಾರೆ. ಅನುಭವ ಇದಕ್ಕೆ ವಿರುದ್ಧವಾಗಿದೆ. ಅಳಿಲಿನ ಕತೆಯನ್ನೇ ತೆಗೆದುಕೊಳ್ಳಿ. ಸೇತುವೆಗೆ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮ ಮೂರು ಬೆರಳಿನಿಂದ ನೇವರಿಸಿದ, ಅದರಿಂದ ಮೂರು ಗೆರೆ ಮೂಡಿತು ಎಂದು ಅಜ್ಜಿಯರು ಹೇಳುವುದುಂಟು. ನಾನೂ ಹೇಳಿದೆ. “ನಿಜವಾಗಿಯೂ?” ಎಂಬ ಪ್ರಶ್ನೆ ಬಂತು. ಇದು ಕತೆಯೆಂದೂ, ದಕ್ಷಿಣದ ಅಳಿಲಿಗೆ ಮೂರು ಗೆರೆ, ಉತ್ತರ ಹಿಂದೂಸ್ಥಾನದಲ್ಲಿ ಐದು ಗೆರೆಯ ಬೇರೊಂದು ಜಾತಿಯ ಅಳಿಲಿದೆಯೆಂದೂ ಒಪ್ಪಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕತೆ ಮುರಿದುಬಿತ್ತೆಂದು ನಾನು ಮರುಗುತ್ತಿದ್ದಾಗ ಮೊಮ್ಮಗಳು ಹೇಳಿದಳು: “ಲಂಕೆಗೆ ಹೋಗುವಾಗ ರಾಮನಿಗೆ ದುಃಖ ಇತ್ತಲ್ಲ ತಾತ, ಅದಕ್ಕೆ ಮೂರೇ ಬೆರಳು. ಸೀತೆಯನ್ನು ಕರೆದುಕೊಂಡು ಅಯೋಧ್ಯೆಗೆ ವಾಪಸು ಹೋದಮೇಲೆ ಪೂರ್ತಿ ಕೈ.” ಯಾವ ಪುರಾಣಿಕನಿಗೆ ಇದು ಹೊಳೆದೀತು? ಅದಕ್ಕಿಂತ ಮುಖ್ಯವಾದದ್ದೆಂದರೆ, ಆ ದಿನದಿಂದ ನಾಲ್ವರೂ ಕಂಡ ಕಂಡ ಅಳಿಲಿನ ಗೆರೆಗಳನ್ನು ಎಣಿಸುತ್ತಿದ್ದಾರೆ.

ಕೆಲವೆಡೆ ಸತ್ಯ ಕಲ್ಪನೆಯನ್ನು ಸೋಲಿಸಿಬಿಡುತ್ತದೆ. ಮಾವಿನ ಮರದಲ್ಲಿ ಎಲೆಗಳನ್ನು ಕೂಡಿಸಿ ಹೊಲಿದ ಚೆಂಡಿನಂಥ ಗೂಡನ್ನು ಮಕ್ಕಳು ಕಂಡರು. ಒಬ್ಬರಿಗೆ ಅದು ಹಸುರು ಲಾಡು, ಒಬ್ಬರಿಗೆ ದರ್ಜಿಯ ಅಂಗಡಿ. ದರ್ಜಿಯ ಅಂಗಡಿ ಎಂದವಳು ಗೆದ್ದಳು. ಕೆಂಪು ಚಗಳಿ ಇರುವೆಗಳು ಒಂದರ ಸೊಂಟವನ್ನು ಒಂದು ಕಚ್ಚಿ ಸರಪಳಿಯಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆಯುತ್ತವೆ. ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆಯೇ ದಾರ, ಮರಿಯೇ ಲಾಳಿ. ಇದನ್ನು ಹೇಳಿದಾಗ ನಾಲ್ಕು ಬಾಯಿಗಳಿಂದ ಒಟ್ಟಿಗೆ “ನಿಜವಾಗಿಯೂ?” ಬಂತು. “ನಿಜವಾಗಿಯೂ” ಎಂದು ಹೇಳುವಾಗ ಆಗುವ ಸಂತೋಷಕ್ಕೆ ಸಾಟಿ ಬೇರಿಲ್ಲ. ಮನೆಯಲ್ಲಿ ಇದನ್ನು ಕೇಳಿದ ತಾಯಂದಿರು “ನಮ್ಮ ಮನೆಯಲ್ಲಿ ಮಕ್ಕಳು ಒಂದು ಲೋಟ ಎತ್ತಿಡುವುದಿಲ್ಲ” ಎಂದರಂತೆ.

ಅತ್ತಿಯ ಹೂವನ್ನು ಕಂಡವರಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅದನ್ನು ಹುಡುಕುವುದು ನಮ್ಮ ಇನ್ನೊಂದು ಸಾಹಸ. ಮರದ ಸುತ್ತ ಹತ್ತು ಪ್ರದಕ್ಷಿಣೆಯಾದ ಮೇಲೆ ಬಿದ್ದ ಕಾಯೊಂದನ್ನು ಸೀಳಿ ತೋರಿಸಿದೆ: ಒಳಗೋಡೆಯ ತುಂಬ ಒತ್ತಾಗಿ ಕುಳಿತ ಪುಟ್ಟ ಪುಟ್ಟ ಹೂಗಳು. ಹೊರಗೆ ಗೋಡೆ, ಒಳಗೆ ಹೂದೋಟ! ಆ ತೋಟಕ್ಕೆ ಒಂದೇ ಕಿರುಬಾಗಿಲು. ಅದರಲ್ಲಿ ನುಸುಳಬಲ್ಲ ಒಂದು ಸಣ್ಣ ಕಣಜವಿದೆ. ಒಳಗೆ ತೂರುವಾಗ ಅದರ ರೆಕ್ಕೆ ಮುರಿಯುತ್ತದೆ. ತಂದ ಪರಾಗವನ್ನು ಹೂವಿಗೆ ಕೊಟ್ಟು, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಹೆಣ್ಣುಮಕ್ಕಳು ಪರಾಗ ಹೊತ್ತು ಹೊರಟು ಇನ್ನೊಂದು ಅತ್ತಿಯನ್ನು ಹುಡುಕುತ್ತವೆ. ಆಲಕ್ಕೆ ಬೇರೆ ಕಣಜ, ಅರಳಿಗೆ ಬೇರೆ. ಅತ್ತಿಯ ಹಣ್ಣಿನಲ್ಲಿ ಹುಳುವೆಂದು ಮೂಗು ಮುರಿಯುವ ನಾವು ಆ ಹುಳುವಿಲ್ಲದಿದ್ದರೆ ಅತ್ತಿಯ ಸಂತಾನವೇ ಇಲ್ಲವೆಂಬುದನ್ನು ಮರೆತಿರುತ್ತೇವೆ. ಮಕ್ಕಳು ಮರೆಯಲಿಲ್ಲ. ರೆಕ್ಕೆ ಮುರಿದುಕೊಂಡ ಆ ತಾಯಿಯ ವಿಷಯವಾಗಿ ಅವರು ಮನೆಯವರೆಗೂ ಮಾತನಾಡುತ್ತ ಬಂದರು.

ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕುಳಿತು ತಿಂಡಿ ತಿನ್ನುವುದು ನಮ್ಮ ವಾಡಿಕೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಮುನ್ನೂರು ಕೋಟಿ ಎಂದರೆ ಮಗುವಿಗೇನು, ನನಗೂ ಅರ್ಥವಾಗುವುದಿಲ್ಲ. ಲೆಕ್ಕ ಹಾಕಿದೆವು. ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಎಣಿಸುತ್ತ ಕುಳಿತರೆ ಮುನ್ನೂರು ಕೋಟಿ ಮುಟ್ಟುವುದಕ್ಕೆ 95 ವರ್ಷ ಬೇಕು. ಹುಡುಗ ತಕ್ಷಣ ಒಂದು, ಎರಡು, ಮೂರು ಎಂದು ಆರಂಭಿಸಿದ. ನೂರಾ ಹನ್ನೆರಡಕ್ಕೆ ಕೋಡುಬಳೆ ಬಂದು ಕಾರ್ಯಭಂಗವಾಯಿತು. ಆದರೂ ಅವನು ಬಂಡೆಯನ್ನು ಒಮ್ಮೆ ತಟ್ಟಿ ನೋಡಿದ ರೀತಿಯಲ್ಲಿ, ಪಾಠಪುಸ್ತಕ ಕೊಡಲಾರದ ಒಂದು ಗೌರವವಿತ್ತು.

ಮಕ್ಕಳ ಈ ದೃಷ್ಟಿ ನಮ್ಮ ಸಾಹಿತ್ಯಕ್ಕೆ ಹೊಸದೇನಲ್ಲ. ಕಾಳಿದಾಸನ ಶಕುಂತಲೆ ಆಶ್ರಮದ ಮಲ್ಲಿಗೆಯ ಬಳ್ಳಿಗೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟಿದ್ದಳು; ಗಂಡನ ಮನೆಗೆ ಹೊರಡುವಾಗ ತಂಗಿಯಿಂದ ಬೀಳ್ಕೊಳ್ಳುವಂತೆ ಅದರಿಂದ ಬೀಳ್ಕೊಂಡಳು. ಹೆಣ್ಣಿನ ಗೆಜ್ಜೆಗಾಲಿನ ಒದೆ ಬಿದ್ದರೆ ಅಶೋಕ ಹೂ ಬಿಡುತ್ತದೆಂದು ನಮ್ಮ ಹಳೆಯ ಕವಿಗಳು ಒಮ್ಮತದಿಂದ ನಂಬಿದ್ದರು. ಇದನ್ನು ಕೇಳಿದ ಮೂವರು ಹುಡುಗಿಯರು ಕಾಂಪೌಂಡಿನ ಪಕ್ಕದ ಎತ್ತರದ ಮರವೊಂದಕ್ಕೆ ಸರದಿಯ ಮೇಲೆ ಒದ್ದರು. ಹೂ ಬರಲಿಲ್ಲ. ನಮ್ಮ ಬೀದಿಗಳಲ್ಲಿ ಸಿಪಾಯಿಯಂತೆ ನಿಂತಿರುವ ಆ ಮರ ಕವಿಗಳ ಅಶೋಕವಲ್ಲ, ಹೆಸರು ಕದ್ದದ್ದು. ಸೀತೆ ಕುಳಿತ ಅಶೋಕ ಕಿತ್ತಳೆಗೆಂಪಿನ ಗೊಂಚಲು ಬಿಡುವ ಬೇರೆ ಮರ ಎಂಬುದನ್ನು ಕಲಿಯುವುದಕ್ಕೆ ಅದೊಂದು ಸಂದರ್ಭವಾಯಿತು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದು 1936ರಷ್ಟು ಹಿಂದೆಯೇ ಜ್ಞಾನವನ್ನು ಕನ್ನಡದಲ್ಲಿ ಮನೆಗೆ ತಂದುಕೊಟ್ಟರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಗಿಡ ಹುಡುಕುತ್ತ ಅಲೆದ ಕತೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಪುಸ್ತಕದಲ್ಲಿ ನಗೆಯನ್ನೂ ಸಸ್ಯಶಾಸ್ತ್ರವನ್ನೂ ಬೇರ್ಪಡಿಸುವುದು ಯಾರಿಂದಲೂ ಆಗದು.

ಲಾಲ್‌ಬಾಗು ಎಲ್ಲರಿಗೂ ಹತ್ತಿರವಿರುವುದಿಲ್ಲ, ನಿಜ. ಆದರೆ ಈ ಊರಿಗೆ ಒಂದು ಸೌಭಾಗ್ಯವಿತ್ತು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಎಂಬ ತೋಟಗಾರಿಕೆಯ ತಜ್ಞರು 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೊಂದು ಬೀದಿ ಹೂ ಬಿಟ್ಟಿರಬೇಕೆಂಬ ಯೋಚನೆಯಿಂದ ಅವರು ಸಾಲುಮರಗಳನ್ನು ಆರಿಸಿದರು. ಆ ಪರಂಪರೆಯ ಫಲವಾಗಿ ನಮ್ಮ ಮಕ್ಕಳಿಗೆ ಗೋಡೆಯ ಕ್ಯಾಲೆಂಡರು ಬೇಕಿಲ್ಲ. ಗುಲಾಬಿ ಬಣ್ಣದ ಟಬೂಬಿಯ ಅರಳಿದರೆ ಸಂಕ್ರಾಂತಿ ಕಳೆಯಿತು. ಜಕರಂದದ ನೀಲಿ ಬಿದ್ದರೆ ಪರೀಕ್ಷೆ ಬಂತು. ಹೊಂಗೆಯ ಎಳೆಚಿಗುರು ಹೊಳೆದರೆ ಯುಗಾದಿ. ಗುಲ್‌ಮೊಹರು ಕೆಂಪಾದರೆ ಬೇಸಗೆಯ ರಜ. ಆಕಾಶಮಲ್ಲಿಗೆ ರಾತ್ರಿ ಅರಳಿ ಬೆಳಗ್ಗೆ ರಸ್ತೆಯ ಮೇಲೆ ಹಾಸಿದ್ದರೆ ಚಳಿಗಾಲ. ಅದರ ಉದ್ದನೆಯ ತೊಟ್ಟುಗಳನ್ನು ದಾರವಿಲ್ಲದೆ ಜಡೆಯಂತೆ ಹೆಣೆಯುವುದನ್ನು ಮೊಮ್ಮಗಳಿಗೆ ಕಲಿಸಿದವಳು ಅವಳ ಅಜ್ಜಿ. ತೋಟ ದೂರವಾದರೆ ಬಸ್ ನಿಲ್ದಾಣದ ಮರವಾದರೂ ಆದೀತು. ಅದೂ ಇಲ್ಲದಿದ್ದರೆ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿ ಇದ್ದೇ ಇರುತ್ತದೆ. ಯಾವ ಹಕ್ಕಿ ಅದನ್ನು ಅಲ್ಲಿ ಇಟ್ಟುಹೋಯಿತು ಎಂದು ಕೇಳುವುದರಿಂದಲೇ ಒಂದು ಬೆಳಗು ಕಳೆಯಬಹುದು.

ನಮ್ಮ ಬೀದಿಯ ತುದಿಯಲ್ಲಿಯೂ ಅಂಥ ಒಂದು ಮರವಿತ್ತು, ಮಳೆಮರ. ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದು ನಮ್ಮೂರಿನ ನೆರಳಾದ ಜಾತಿ. ಸಂಜೆಯಾಗುತ್ತಲೇ ಅದು ಎಲೆಗಳನ್ನು ಜೋಡಿಜೋಡಿಯಾಗಿ ಮಡಿಸಿಕೊಳ್ಳುತ್ತದೆ, ಬೆಳಗ್ಗೆ ಬಿಚ್ಚುತ್ತದೆ. ಸಂಜೆ ಆರಕ್ಕೇ ಮಲಗುವ ಕಾರಣದಿಂದ ಮಕ್ಕಳು ಅದನ್ನು ಮುತ್ತಜ್ಜಿ ಮರವೆಂದು ಕರೆದರು. ಎದುರುಮನೆಯ ಹುಡುಗ ಆಟ ಮುಗಿಸಿ ಬರುವಾಗ ದಿನವೂ ಮೇಲೆ ನೋಡಿ “ಮುತ್ತಜ್ಜಿ ಮಲಗಿದಳು” ಎಂದು ವರದಿ ಒಪ್ಪಿಸುತ್ತಿದ್ದ. ಅದರ ಕೆಳಗೆ ಗಲಾಟೆ ಮಾಡಬಾರದೆಂದು ಅವನು ಸೈಕಲ್ಲಿನ ಗಂಟೆಯನ್ನೂ ಬಾರಿಸುತ್ತಿರಲಿಲ್ಲ.

ಕಳೆದ ವರ್ಷ ರಸ್ತೆ ಅಗಲಮಾಡುವ ಕೆಲಸ ಬಂತು. ಮರ ಅಡ್ಡವಾಗಿತ್ತಂತೆ. ಮಕ್ಕಳು ಶಾಲೆಗೆ ಹೋಗಿದ್ದಾಗ ಯಂತ್ರದ ಗರಗಸ ಬಂದು, ಸಂಜೆಯ ಹೊತ್ತಿಗೆ ಆ ಜಾಗದಲ್ಲಿ ಆಕಾಶ ಉಳಿದಿತ್ತು. ಹುಡುಗ ನನ್ನಲ್ಲಿಗೆ ಬಂದು ಕೇಳಿದ ಪ್ರಶ್ನೆ ಒಂದೇ: “ತಾತ, ಮುತ್ತಜ್ಜಿ ಮಲಗಿದ್ದಾಗ ಕಡಿದರಾ, ಎದ್ದಿದ್ದಾಗ ಕಡಿದರಾ?” ಮೂರನೆಯ ಕಟ್ಟಳೆ ಇತ್ತು. “ಎದ್ದಿದ್ದಾಗ” ಎಂದೆ. ಅವನು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಅವನ ತಂದೆ ಬಂದರು. ಒಳ್ಳೆಯವರು, ಮಾತು ಕಡಿಮೆ. “ತಪ್ಪು ತಿಳಿಯಬೇಡಿ ಸಾರ್. ನೀವು ಅದಕ್ಕೆ ಮುತ್ತಜ್ಜಿ ಗಿತ್ತಜ್ಜಿ ಎಂದು ಕತೆ ಕಟ್ಟದೆ ಇದ್ದಿದ್ದರೆ ಅವನು ಇಷ್ಟು ಅಳುತ್ತಿರಲಿಲ್ಲ. ಊರಲ್ಲಿ ಮರ ಬೀಳುತ್ತಲೇ ಇರುತ್ತವೆ. ಎಷ್ಟಕ್ಕೆ ಅಂತ ಅಳುವುದು?” ಎಂದರು.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಗುವಿಗೆ ಮರದೊಡನೆ ನಂಟು ಬೆಳೆಸಿದರೆ ಅದರ ಸಾವನ್ನೂ ಜೊತೆಯಲ್ಲೇ ಕೊಟ್ಟಂತಾಗುತ್ತದೆ. ಬರಿಯ ‘ಮರ’ವಾಗಿದ್ದರೆ ಒಂದು ದಿನ ಇರುತ್ತಿತ್ತು, ಇನ್ನೊಂದು ದಿನ ಇರುತ್ತಿರಲಿಲ್ಲ. ಬೆಳೆಯುವ ಊರಿನಲ್ಲಿ ಬೆಳೆಯುವ ಮಗುವಿಗೆ ಇಂಥ ಮೆದುತನ ಹೊರೆಯಲ್ಲವೆ? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನನಗೆ ತೋರಿದ್ದು ಇಷ್ಟು. ಮರಗಳನ್ನು ಉಳಿಸುವುದಕ್ಕೆ ನಮ್ಮಲ್ಲಿ ಕಾನೂನಿದೆ, 1976ರಲ್ಲಿಯೇ ಆಯಿತು. ಆದರೆ ಕಾನೂನು ತಾನಾಗಿ ಎದ್ದು ಬರುವುದಿಲ್ಲ, ಯಾರಾದರೂ ಎಬ್ಬಿಸಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲುಸೇತುವೆ ಕಟ್ಟುವುದಕ್ಕಾಗಿ 800ಕ್ಕೂ ಹೆಚ್ಚು ಮರಗಳು ಉರುಳಬೇಕೆಂದಾಗ, 2016ರ ಅಕ್ಟೋಬರಿನ ಒಂದು ಭಾನುವಾರ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ನಿಂತವರಿಗೆ ಎಂಟುನೂರು ಎಂಬ ಅಂಕಿಯ ಮೇಲೆ ಪ್ರೀತಿಯಿತ್ತೆ? ನನಗೆ ನಂಬಿಕೆಯಿಲ್ಲ. ಅವರಲ್ಲಿ ಒಬ್ಬೊಬ್ಬರಿಗೂ, ಶಾಲೆಗೆ ಹೋಗುವಾಗ ಪಿಚಕಾರಿ ಕೊಟ್ಟ ಒಂದು ಮರ, ಕತ್ತಿ ಕೊಟ್ಟ ಒಂದು ಮರ ಮನಸ್ಸಿನಲ್ಲಿದ್ದಿರಬೇಕು. ಊರಿನ ಮರವೊಂದು ಬಿದ್ದಾಗ ಊಟ ಬಿಡುವ ಮಗು ಬೀದಿಗೆ ಒಂದಾದರೂ ಇಲ್ಲದಿದ್ದರೆ, ಮುಂದೆ ಆ ಊರಿನ ಪರವಾಗಿ ಕೈ ಹಿಡಿದು ನಿಲ್ಲುವವರು ಯಾರು? ಹುಡುಗನ ತಂದೆಗೆ ನಾನು ಇದಷ್ಟನ್ನೂ ಹೇಳಲಿಲ್ಲ. “ಅಳಲಿ ಬಿಡಿ, ಅದು ಅವನ ಮುತ್ತಜ್ಜಿ” ಎಂದೆ. ಅವರು ಕಾಫಿ ಕುಡಿದು, ಒಪ್ಪದೆ ಹೋದರು.

ಬಿದ್ದದ್ದು ನಮ್ಮದು ಎಂಬ ಮೊದಲನೆಯ ಕಟ್ಟಳೆಯ ಪ್ರಕಾರ ಮಕ್ಕಳ ಬಳಿ ಆ ಮರದ ಅಂಟಂಟು ಕಾಯಿಗಳ ಸಂಗ್ರಹವೊಂದಿತ್ತು. ಹುಡುಗ ಬೀಜಗಳನ್ನು ಬಿಡಿಸಿ ನೀರಿನಲ್ಲಿ ನೆನೆಹಾಕಿ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿದ. ಐದರಲ್ಲಿ ಎರಡು ಮೊಳೆತವು. ಒಂದನ್ನು ಯಾರದೋ ಬೆಕ್ಕು ಮುರಿಯಿತು. ಉಳಿದ ಒಂದು ಈಗ ಅವರ ಮಹಡಿಯ ಕೈಪಿಡಿಗೋಡೆಯ ಮೇಲೆ ಕುಂಡದಲ್ಲಿದೆ. ಒಂದೂವರೆ ಗೇಣು ಎತ್ತರ. ಆರು ಗಂಟೆಗೆ ಅದೂ ಎಲೆ ಮಡಿಸುತ್ತದೆ, ಹುಡುಗ ಅದಕ್ಕೂ ವರದಿ ಒಪ್ಪಿಸುತ್ತಾನೆ. ಈಗ ಬಂದಿರುವ ಕಷ್ಟವೆಂದರೆ ಇದು ನೂರು ಅಡಿ ಅಗಲಕ್ಕೆ ಕೊಡೆ ಬಿಚ್ಚುವ ಜಾತಿ; ನಮ್ಮ ಬೀದಿಯಲ್ಲಿರುವುದೆಲ್ಲ ಮೂವತ್ತು ನಲವತ್ತರ ನಿವೇಶನ. ಮೊನ್ನೆ ಹುಡುಗನ ತಂದೆಯೇ ಬಂದು, ಅತ್ತಿತ್ತ ನೋಡಿ, “ಸಾರ್, ನಿಮಗೆ ನಾಲ್ಕು ಕಡೆ ಪರಿಚಯವಿದೆ. ಅದನ್ನು ನೆಡುವುದಕ್ಕೆ ಎಲ್ಲಾದರೂ ಸ್ವಲ್ಪ ಜಾಗ ಸಿಕ್ಕೀತೆ?” ಎಂದು ಕೇಳಿದರು. ಹುಡುಕುತ್ತಿದ್ದೇವೆ. ಶಾಲೆಯ ಬಯಲೋ, ಕೆರೆಯ ಏರಿಯ ಪಕ್ಕವೋ, ಇನ್ನು ನೂರು ವರ್ಷ ಯಾರೂ ಅಗಲಮಾಡದ ಒಂದಿಷ್ಟು ನೆಲವೋ ವಾಚಕರ ಗಮನದಲ್ಲಿದ್ದರೆ ದಯವಿಟ್ಟು ತಿಳಿಸಬೇಕು. ಮಳೆಗಾಲಕ್ಕೆ ಮೊದಲೇ ತಿಳಿಸಿದರೆ ಒಳ್ಳೆಯದು.